ಐವರ ರೈಲು ಆಟವನ್ನು ಇಬ್ಬರಿಗೆ ಹೊಂದಿಸುವಾಗ

ನಾಲ್ಕೈದು ಜನರಿಗೆಂದು ಮಾಡಿದ ರೈಲು ಆಟವನ್ನು ಇಬ್ಬರೂ ಆಡುವಂತೆ ಮಾಡುವುದು ಬೋರ್ಡ್ ಗೇಮ್ ಕೆಲಸದಲ್ಲಿ ಪದೇ ಪದೇ ಬರುವ ಬೇಡಿಕೆ. ಬೋಗಿ, ದುಡ್ಡು, ಕಾರ್ಡುಗಳನ್ನು ತಲೆಲೆಕ್ಕಕ್ಕೆ ಇಳಿಸಿದರೆ ಆಯಿತು ಅನ್ನಿಸುತ್ತದೆ, ಆಗುವುದಿಲ್ಲ. ಜನ ಕಡಿಮೆಯಾದರೆ ಮೊದಲು ಮಾಯವಾಗುವುದು ಇಕ್ಕಟ್ಟು, ಅದನ್ನು ಬೇರೆ ಕಡೆಯಿಂದ ತರಬೇಕು.

‘ಟಿಕೆಟ್ ಟು ರೈಡ್’ (2004) ನೋಡಿ. ಬಣ್ಣದ ಕಾರ್ಡುಗಳನ್ನು ಕೂಡಿಸಿ, ಊರುಗಳ ನಡುವಿನ ಮಾರ್ಗಗಳ ಮೇಲೆ ಬೋಗಿಗಳನ್ನಿಟ್ಟು ಅವನ್ನು ಹಿಡಿಯುವ ಆಟ ಅದು. ತಲಾ 45 ಬೋಗಿ. ಐವರಿದ್ದರೆ ಒಟ್ಟು 225, ಇಬ್ಬರಿದ್ದರೆ 90, ನಕ್ಷೆ ಮಾತ್ರ ಅದೇ. ಅದಕ್ಕೇ ಇಬ್ಬರು, ಮೂವರು ಆಡುವಾಗ ಎರಡು ಊರುಗಳ ನಡುವಿನ ಜೋಡಿ ಹಳಿಯಲ್ಲಿ ಒಂದನ್ನು ಯಾರಾದರೂ ಹಿಡಿದರೆ ಇನ್ನೊಂದು ಮುಚ್ಚುತ್ತದೆ ಎಂಬ ನಿಯಮವಿದೆ. ಒಂದು ಸಾಲಿನ ನಿಯಮ, ಹೆಚ್ಚಿನ ಸಾಮಾನೇನೂ ಬೇಡ. ಅದೇ ಸರಣಿಯ 2007ರ ನಾರ್ಡಿಕ್ ನಕ್ಷೆಯನ್ನು ಎರಡು–ಮೂರು ಜನರಿಗೆಂದೇ ಬಿಗಿಯಾಗಿ ಬರೆದಿದ್ದಾರೆ, ತಲಾ 40 ಬೋಗಿ. ಹೊಸ ನಕ್ಷೆ ಮುದ್ರಿಸಲು ಸಾಧ್ಯವಿದ್ದರೆ ಈ ದಾರಿಯೇ ಮೇಲು.

ಸಾಧ್ಯವಿಲ್ಲದಿದ್ದರೆ, ಉಳಿದ ಬಣ್ಣದ ಬೋಗಿಗಳನ್ನಿಟ್ಟು ಆಟಕ್ಕೆ ಮುಂಚೆಯೇ ಕೆಲವು ಮಾರ್ಗ ಮುಚ್ಚಿ. ಒಂದರಿಂದ ಮೂರು ಬೋಗಿಯವು ಸಾಕು. ಆರರ ಮಾರ್ಗಕ್ಕೆ 15 ಅಂಕವಿರುವುದರಿಂದ ಅದನ್ನು ಮುಚ್ಚಿದರೆ ಅಂಕದ ಲೆಕ್ಕವೇ ಏರುಪೇರಾಗುತ್ತದೆ. ಮುಚ್ಚಿದ ಮೇಲೂ ಪ್ರತಿ ಊರಿಗೆ ಕನಿಷ್ಠ ಎರಡು ಹಳಿ ತೆರೆದಿರಲಿ. ಟಿಕೆಟ್ (ಯಾವ ಎರಡು ಊರುಗಳನ್ನು ಜೋಡಿಸಬೇಕೆಂದು ಹೇಳುವ ಕಾರ್ಡು) ಹಂಚುವುದು ಇದಾದ ಮೇಲೆ. ಆಗ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಆಟಗಾರರೇ ನಕ್ಷೆ ನೋಡಿ ತೀರ್ಮಾನಿಸುತ್ತಾರೆ.

ಪ್ರತಿ ಸುತ್ತಿನಲ್ಲೂ ಹಳಿ ಹಾಕುವ ಮೂರನೇ ‘ಡಮ್ಮಿ’ ಆಟಗಾರನನ್ನು ತರುವ ಆಸೆ ಎಲ್ಲರಿಗೂ ಬರುತ್ತದೆ. ನನಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಡಮ್ಮಿ ಎಲ್ಲಿಗೆ ಹೋಗಬೇಕೆಂದು ಆಟಗಾರ ಆರಿಸುವಂತಿದ್ದರೆ ಅದು ಎದುರಾಳಿಗೆ ಅಡ್ಡಗಾಲು ಹಾಕುವ ಆಯುಧವಾಗುತ್ತದೆ. ಬೇಕೇ ಬೇಕಾದರೆ ಒಂದು ಕಾರ್ಡ್ ತಿರುಗಿಸಿದೊಡನೆ ಅದರ ನಡೆ ಮುಗಿಯಬೇಕು, ಎರಡು ಮಾರ್ಗ ಸಮ ಬಂದರೆ ಊರಿನ ಹೆಸರಿನ ಅಕಾರಾದಿ ಕ್ರಮ ತೀರ್ಮಾನಿಸಲಿ.

ಹೆಚ್ಚಿನವರ ಕಣ್ಣು ತಪ್ಪುವುದು ತೆರೆದಿಟ್ಟ ಐದು ಕಾರ್ಡುಗಳ ಸಾಲು. ಐವರ ಆಟದಲ್ಲಿ ನಿಮ್ಮ ಸರದಿ ಮತ್ತೆ ಬರುವಷ್ಟರಲ್ಲಿ ಉಳಿದ ನಾಲ್ವರು ಎಂಟು ಕಾರ್ಡ್‌ವರೆಗೆ ಎತ್ತಿರುತ್ತಾರೆ, ಇಬ್ಬರ ಆಟದಲ್ಲಿ ಹೆಚ್ಚೆಂದರೆ ಎರಡು. ಯಾರಿಗೂ ಬೇಡದ ಬಣ್ಣಗಳು ಅಲ್ಲೇ ಕೊಳೆಯುತ್ತವೆ, ಇಬ್ಬರೂ ಕಟ್ಟಿನಿಂದ ಕುರುಡಾಗಿ ಎಳೆಯತೊಡಗುತ್ತಾರೆ. ಪರಿಹಾರ ಸುಲಭ: ಪ್ರತಿ ಸರದಿಯ ಕೊನೆಗೆ ಎಡತುದಿಯ ಕಾರ್ಡನ್ನು ಎಸೆದು, ಉಳಿದವನ್ನು ಎಡಕ್ಕೆ ಸರಿಸಿ, ಬಲಕ್ಕೆ ಹೊಸದಿಡಿ. ಯಾವ ಬಣ್ಣದ ಬದಲಿಗೂ ನಡೆಯುವ ಎಂಜಿನ್ ಕಾರ್ಡ್ ಎಡತುದಿಗೆ ಬಂದರೆ ಅದನ್ನು ಬಿಟ್ಟು ಪಕ್ಕದ್ದನ್ನು ಎಸೆಯಿರಿ, ಇಲ್ಲವಾದರೆ ಕಟ್ಟಿನಲ್ಲಿರುವ 14 ಎಂಜಿನ್‌ಗಳು ಯಾರ ಕೈಗೂ ಸಿಗದೆ ಎಸೆದ ರಾಶಿಗೆ ಹೋಗುತ್ತವೆ. ಮೂರು ಎಂಜಿನ್ ಸೇರಿದರೆ ಐದೂ ಕಾರ್ಡ್ ಬದಲಿಸುವ ಮೂಲ ನಿಯಮ ಮುಂದಿನದನ್ನು ನೋಡಿಕೊಳ್ಳುತ್ತದೆ.

ಇಬ್ಬರೇ ಇದ್ದಾಗ ಎದುರಾಳಿಯ ನಷ್ಟವೆಲ್ಲ ನೇರ ನಿಮ್ಮ ಲಾಭ. ಸಿಯಾಟಲ್–ನ್ಯೂಯಾರ್ಕ್ ಟಿಕೆಟ್ 22 ಅಂಕದ್ದು. ಅದು ತಪ್ಪಿದರೆ +22 ಹೋಗಿ −22 ಆಗುತ್ತದೆ, ಅಂದರೆ 44 ಅಂಕದ ಅಂತರ. ಆಯಕಟ್ಟಿನ ಒಂದೇ ಬೋಗಿ ಅಷ್ಟು ಕೆಲಸ ಮಾಡಬಲ್ಲದು. ಆದ್ದರಿಂದ ಮಾರ್ಗ ಮುಚ್ಚುವಾಗ ಸುತ್ತುದಾರಿ ಉಳಿಸುವುದನ್ನು ಮರೆಯುವಂತಿಲ್ಲ.

ಹರಾಜಿನ ಆಟಗಳು ಇನ್ನೂ ಕಷ್ಟ. ಇಬ್ಬರ ಹರಾಜಿನಲ್ಲಿ ಒಬ್ಬರು ಕೈಬಿಟ್ಟ ಕ್ಷಣವೇ ಬೆಲೆ ನಿಲ್ಲುತ್ತದೆ. ಅಲ್ಲಿ ಬೆಲೆಯನ್ನು ಮೇಲಿನಿಂದ ಕೆಳಗಿಳಿಸುತ್ತಾ ಬನ್ನಿ, ಮೊದಲು ‘ಬೇಕು’ ಅಂದವರಿಗೆ ಕೊಡಿ. ರೈಲು ಕಂಪನಿಗಳ ಷೇರು ಕೊಳ್ಳುವ ‘1830’ ಎಂಬಂಥ ಆಟದಲ್ಲಿ ತೊಂದರೆ ಬೇರೆ: ಶುರುವಾಗುವ ಕಂಪನಿಗಳು ಕಡಿಮೆ, ಆದ್ದರಿಂದ ರೈಲುಗಳು ನಿಧಾನವಾಗಿ ಮಾರಾಟವಾಗುತ್ತವೆ. ಮೊದಲ ‘4’ ರೈಲು (ಅಂಕಿ ಅಂದರೆ ಒಂದು ಓಟದಲ್ಲಿ ಅದು ಮುಟ್ಟಬಲ್ಲ ಊರುಗಳ ಸಂಖ್ಯೆ) ಮಾರಾಟವಾದಾಗಲೇ ‘2’ ರೈಲುಗಳು ಗುಜರಿಗೆ ಹೋಗುವುದು, ಹೀಗಾಗಿ ಹಳೆಯವು ಬಹುಕಾಲ ಓಡುತ್ತಲೇ ಇರುತ್ತವೆ. ಕಂಪನಿಗಳು ರೈಲು ಓಡಿಸುವ ಕಾರ್ಯಾಚರಣೆ ಸುತ್ತುಗಳ ಪ್ರತಿ ಗುಂಪಿನ ಕೊನೆಗೆ ಬ್ಯಾಂಕ್‌ನ ಮೇಲಿನ ರೈಲೊಂದನ್ನು ಆಟದಿಂದ ತೆಗೆದರೆ ಗಡಿಯಾರ ಮತ್ತೆ ಓಡುತ್ತದೆ. ಯಾವಾಗ ತೆಗೆಯುತ್ತೀರಿ ಎಂಬುದು ಮೊದಲೇ ಎಲ್ಲರಿಗೂ ಗೊತ್ತಿರಬೇಕು.

ಪರೀಕ್ಷೆಗೆ ಕೂರಿಸುವಾಗ ಅದೇ ಜೋಡಿ, ಅದೇ ಮುಚ್ಚಿದ ಮಾರ್ಗಗಳು, ಮೊದಲ ಸರದಿ ಮಾತ್ರ ಅದಲುಬದಲು. ಎರಡೂ ಸಲ ಮೊದಲು ಆಡಿದವರೇ ಗೆಲ್ಲುವುದು ಜೋಡಿ ಬದಲಾದರೂ ಮರುಕಳಿಸಿದರೆ, ಎರಡನೆಯವರಿಗೆ ಆರಂಭದಲ್ಲಿ ಒಂದು ಕಾರ್ಡ್ ಹೆಚ್ಚು ಕೊಟ್ಟು ಮತ್ತೆ ಆಡಿಸಿ.