ಹಡಗಿನವರಿಗೆ ರೈಲೇಕೆ ಕೊಟ್ಟರು?

ನೌಕಾಪಡೆಯಲ್ಲಿದ್ದು ಆಮೇಲೆ ರೈಲು ಕಂಪನಿಗಳನ್ನು ನಡೆಸಿದ ಅಮೆರಿಕದ ಗ್ರಹಾಂ ಕ್ಲೇಟರ್ ಹೆಸರೆತ್ತಿದರೆ ಸಾಕು, "ಹಡಗು ನಡೆಸಿದವರಿಗೆ ರೈಲಿನ ಬಗ್ಗೆ ಏನು ಗೊತ್ತು?" ಎನ್ನುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ಅವರು ಕಡಲಿನಿಂದ ನೇರವಾಗಿ ಹಳಿಗೆ ಬಂದವರಲ್ಲ. ಹಾರ್ವರ್ಡ್‌ನಲ್ಲಿ ಕಾನೂನು ಓದಿದವರು. ಯುದ್ಧಕಾಲದಲ್ಲಿ ನೌಕಾಪಡೆ, ಆಮೇಲೆ ವಕೀಲಿಕೆ, 1963ರಲ್ಲಿ ಅಮೆರಿಕದ ಖಾಸಗಿ ರೈಲು ಕಂಪನಿ ಸದರ್ನ್ ರೈಲ್ವೆಯ ಕಾನೂನು ವಿಭಾಗ, 1967ರಲ್ಲಿ ಅದರ ಅಧ್ಯಕ್ಷಗಿರಿ. ಉಗಿ ಎಂಜಿನ್ ಕಂಡರೆ ಪ್ರಾಣ. ತಾವೇ ಹತ್ತಿ ಓಡಿಸುತ್ತಿದ್ದರು. ಪ್ರಶ್ನೆಗೆ ಉತ್ತರ ಇಷ್ಟೇ.

ಮೊನ್ನೆ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರೊಬ್ಬರು, "ಕ್ಲೇಟರ್‌ಗೆ ಆ ಹುದ್ದೆ ಸಿಗಲು ಶಿಫಾರಸು ಇದ್ದಿರಬೇಕು" ಎಂದರು. ಅನ್ನ ಗಂಟಲಲ್ಲೇ ನಿಂತಿತು. 1945ರ ಆಗಸ್ಟ್ 2ರ ರಾತ್ರಿಯನ್ನು ಅವರಿಗೆ ಹೇಳಲೇಬೇಕಾಯಿತು. ಜಪಾನಿನ ಜಲಾಂತರ್ಗಾಮಿ ಮುಳುಗಿಸಿದ 'ಇಂಡಿಯಾನಾಪೊಲಿಸ್' ನೌಕೆಯ ನಾವಿಕರು ನಾಲ್ಕು ದಿನಗಳಿಂದ ಪೆಸಿಫಿಕ್ ಸಾಗರದಲ್ಲಿ ತೇಲುತ್ತಿದ್ದರು, ಸುತ್ತ ಶಾರ್ಕ್‌ಗಳು. ಕ್ಲೇಟರ್ ಆಗ 'ಸೆಸಿಲ್ ಡಾಯ್ಲ್' ನೌಕೆಯ ಕಮಾಂಡರ್. ವಿಮಾನದಿಂದ ಸುದ್ದಿ ತಿಳಿದೊಡನೆ, ಮೇಲಿನವರ ಆದೇಶಕ್ಕೂ ಕಾಯದೆ, ನೌಕೆಯನ್ನು ಅತ್ತ ತಿರುಗಿಸಿದರು. ಶತ್ರು ಜಲಾಂತರ್ಗಾಮಿ ಹತ್ತಿರದಲ್ಲೇ ಇರಬಹುದಾದ ಕಗ್ಗತ್ತಲಲ್ಲಿ ದೊಡ್ಡ ಶೋಧದೀಪ ಹೊತ್ತಿಸಿ ಮೋಡದತ್ತ ಹಿಡಿಸಿದರು. ನೀರಿನಲ್ಲಿದ್ದವರಿಗೆ ನೆರವು ಬಂದಿದೆ ಎಂದು ಗೊತ್ತಾಗಲಿ ಎಂದು! ಕೊನೆಗೆ ಬದುಕುಳಿದವರು 316 ಮಂದಿ.

ನನ್ನನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ: ಉಳಿದವರು ಕೈತೊಳೆದುಕೊಂಡ ಪ್ರಯಾಣಿಕರ ರೈಲನ್ನು ಇವರೇಕೆ ಬಿಡಲಿಲ್ಲ? 1971ರಲ್ಲಿ ಸರ್ಕಾರ ಪ್ರಯಾಣಿಕರ ರೈಲು ಓಡಿಸಲೆಂದೇ ಆಮ್‌ಟ್ರ್ಯಾಕ್ ಎಂಬ ಸಂಸ್ಥೆ ಕಟ್ಟಿದಾಗ ಹೆಚ್ಚಿನ ಕಂಪನಿಗಳು ನಷ್ಟದ ರೈಲುಗಳನ್ನು ಅದಕ್ಕೆ ಒಪ್ಪಿಸಿ ನಿಟ್ಟುಸಿರುಬಿಟ್ಟವು. ಸದರ್ನ್ ಒಪ್ಪಿಸಲಿಲ್ಲ. ವಾಷಿಂಗ್ಟನ್ನಿನಿಂದ ನ್ಯೂ ಆರ್ಲಿಯನ್ಸ್‌ಗೆ 'ಸದರ್ನ್ ಕ್ರೆಸೆಂಟ್' ಓಡುತ್ತಲೇ ಇತ್ತು: ಹಸಿರು ಎಂಜಿನ್, ಮಲಗುವ ಬೋಗಿ, ಊಟದ ಬೋಗಿಯಲ್ಲಿ ಬಿಸಿ ಅಡುಗೆ. ನಷ್ಟ ಕ್ಲೇಟರ್‌ಗೆ ಗೊತ್ತಿಲ್ಲದ್ದಲ್ಲ. ಕಂಪನಿಯ ಹೆಸರು ಹೊತ್ತ ರೈಲು ಕಳಪೆಯಾಗಿ ಓಡುವುದನ್ನು ಅವರು ಸಹಿಸುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

1977ರಲ್ಲಿ ಕಾರ್ಟರ್ ಸರ್ಕಾರದ ನೌಕಾಪಡೆ ಕಾರ್ಯದರ್ಶಿಯಾಗಿ ಹೋದರು, ಬಳಿಕ ರಕ್ಷಣಾ ಇಲಾಖೆಯ ಉಪ ಕಾರ್ಯದರ್ಶಿಯಾದರು. ಅವರು ಹೋದ ಎರಡೇ ವರ್ಷಕ್ಕೆ ಕ್ರೆಸೆಂಟ್ ಆಮ್‌ಟ್ರ್ಯಾಕ್ ಪಾಲಾಯಿತು. 1982ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಕ್ಲೇಟರ್ ಅದೇ ಆಮ್‌ಟ್ರ್ಯಾಕ್‌ನ ಚುಕ್ಕಾಣಿ ಹಿಡಿದರು. ರೇಗನ್ ಸರ್ಕಾರ ಅನುದಾನವನ್ನೇ ನಿಲ್ಲಿಸಲು ಹೊರಟಾಗ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ನಿಂತು ವಾದಿಸಿದರು. ಖರ್ಚಿನ ಅರ್ಧದಷ್ಟನ್ನಷ್ಟೇ ದುಡಿಯುತ್ತಿದ್ದ ಸಂಸ್ಥೆ ಅವರ ಕಾಲದಲ್ಲಿ ಮುಕ್ಕಾಲಿಗೂ ಹೆಚ್ಚು ದುಡಿಯತೊಡಗಿತು. 1993ರವರೆಗೂ ಅವರು ಆ ಕುರ್ಚಿ ಬಿಡಲಿಲ್ಲ.