ಎರಡು ಚಮಚ ಹೆಪ್ಪು

ಪ್ರತಿ ಬುಧವಾರ ಬೆಳಿಗ್ಗೆ 11 ಗಂಟೆಗೆ ನಾನು ಮಗನ ಕಾರಿನಲ್ಲಿ ಹೋಗಿ ಕೂರುತ್ತೇನೆ. ಕಾರು ಎಲ್ಲಿಗೂ ಹೋಗುವುದಿಲ್ಲ. ನನಗೆ ಓಡಿಸೋಕೂ ಬರುವುದಿಲ್ಲ. ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೇಟಿನ ಪಕ್ಕದ ಪಾರ್ಕಿಂಗ್ ಜಾಗ ನಮ್ಮದು. ಅಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ. ಮೊಬೈಲನ್ನು ಮುಂದಿನ ಸೀಟಿಗೆ ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸುತ್ತೇನೆ. ಹಿಂದಿನ ಸೀಟಿನಲ್ಲಿ ಕೂತು, ಧಾರವಾಡದ ಕಡೆಯ ಒಬ್ಬ ಸೈಕಾಲಜಿಸ್ಟ್ ಮೇಡಂ ಜೊತೆ 45 ನಿಮಿಷ ಮಾತಾಡುತ್ತೇನೆ.

ಮನೆಯಲ್ಲೇ ಮಾತಾಡಬಹುದಿತ್ತಲ್ಲ ಅನ್ನಬಹುದು ನೀವು. ಸೊಸೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ನಮ್ಮ ಹಾಲ್‌ನಲ್ಲಿ ಸೀನಿದರೆ ರೂಮಿನಲ್ಲಿ ಕೇಳುತ್ತದೆ. ಅವಳ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ದೂರಿಲ್ಲ ಅನ್ನುವುದನ್ನು ಅವಳ ಕಿವಿಗೆ ಬೀಳುವ ಹಾಗೆ ಹೇಳೋದೂ ಮುಜುಗರವೇ ಅಲ್ವಾ?

ನಾನು ಬ್ಯಾಂಕಿನಲ್ಲಿದ್ದವನು. ಹಾಸನ, ಬೇಲೂರು, ಸಕಲೇಶಪುರ, ಇಷ್ಟರಲ್ಲೇ ಸುತ್ತಾಡಿ ರಿಟೈರ್ ಆದೆ. ಎರಡು ವರ್ಷದ ಹಿಂದೆ ಹೆಂಡತಿ ತೀರಿಕೊಂಡಳು. ಒಬ್ಬರೇ ಏನು ಮಾಡ್ತೀರಿ ಅಂತ ಮಗ ಪುಣೆಗೆ ಕರೆದುಕೊಂಡು ಬಂದ. ಇಲ್ಲಿ ಮಗ, ಸೊಸೆ, ಮೂರನೇ ಕ್ಲಾಸಿನ ಮೊಮ್ಮಗಳು ಎಲ್ಲರೂ ಇದ್ದಾರೆ. ಹಾಸನದ ಮನೆಯಲ್ಲಿ ಒಬ್ಬನೇ ಇದ್ದಾಗ ಆಗದ ಬೇಜಾರು ಇಲ್ಲಿಗೆ ಬಂದ ಮೇಲೆ ಶುರುವಾಯಿತು. ಯಾರಿಗೆ ಹೇಳೋದು? ತುಂಬಿದ ಮನೆಯಲ್ಲಿ ಹೊತ್ತುಹೊತ್ತಿಗೆ ಬಡಿಸಿಕೊಂಡು ತಿನ್ನುವವನು ಒಂಟಿ ಅನ್ನಿಸುತ್ತಿದೆ ಅಂದರೆ ಕೊಬ್ಬು ಅನ್ನುವುದಿಲ್ಲವೇ ಜನ?

ಅವಳ ತಿಥಿಗೆ ಹಾಸನಕ್ಕೆ ಹೋಗಿದ್ದಾಗ ಒಂದು ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಯಾವುದೋ ಆಸ್ಪತ್ರೆಯ ಗೋಡೆ ಮೇಲೆ ನೋಡಿದ ನಂಬರು. ಐದೇ ಅಂಕಿ, ತಲೆಯಲ್ಲಿ ಉಳಿದಿತ್ತು. ಫೋನ್ ಎತ್ತಿದ ಹುಡುಗಿಗೆ ನಾನು ಮೊದಲು ಹೇಳಿದ್ದು, “ಅರ್ಜೆಂಟ್ ಏನಿಲ್ಲಮ್ಮ, ಬೇರೆ ಯಾರಿಗಾದ್ರೂ ಲೈನ್ ಬೇಕಿದ್ರೆ ಇಟ್ಬಿಡ್ತೀನಿ” ಅಂತ. ಆಮೇಲೆ ಅರ್ಧ ಗಂಟೆ ಮಾತಾಡಿದೆ. ವಾರಕ್ಕೊಂದು ಸಲ ಯಾರಾದರೂ ಸೈಕಾಲಜಿಸ್ಟ್ ಹತ್ತಿರ ಮಾತಾಡಿ ಸರ್, ಒಳ್ಳೇದು ಅಂದಳು.

ಬೆಳಿಗ್ಗೆ ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕನ್ನಡದವರನ್ನೇ ಹುಡುಕ್ತೀನಿ ಅಪ್ಪ” ಅಂದ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕಂತೆ. ಅದನ್ನೂ ನೋಡಿದ. ಮಗನೂ ನನ್ನ ಹಾಗೇ, ಕೆವೈಸಿ ಇಲ್ಲದೆ ಯಾರನ್ನೂ ನಂಬುವುದಿಲ್ಲ.

ಮೊದಲ ದಿನ ಮೇಡಂ ಏನು ತೊಂದರೆ ಅಂತ ಕೇಳಿದರು. “ಏನಿಲ್ಲ, ಬೇಜಾರು” ಅಂದೆ.

“ಬ್ಯಾಸರ ಅಂದ್ರ ಯಾವ ನಮೂನಿ ಬ್ಯಾಸರಾರೀ ಸರ್?”

ನಾನು ತಬ್ಬಿಬ್ಬಾದೆ. ಬಸ್ಸು ಬರದಿದ್ದರೂ ಬೇಜಾರು, ಸಾವಿಗೂ ಬೇಜಾರು, ಸಾರಿಗೆ ಉಪ್ಪು ಕಮ್ಮಿಯಾದರೂ ಬೇಜಾರು, ಯಾರಾದರೂ ಕರೆಯದಿದ್ದರೆ ಅದೂ ಬೇಜಾರು. ಅರವತ್ತು ವರ್ಷ ಒಂದೇ ಖಾತೆಗೆ ಎಲ್ಲ ಜಮಾ ಮಾಡಿಕೊಂಡು ಬಂದಿದ್ದೇನೆ. ಬಿಡಿಸಿ ಹೇಳಿ ಅಂದರೆ ಹೇಗೆ? ಆ ದಿನವೆಲ್ಲ ಅದನ್ನು ಬಿಡಿಸುವುದರಲ್ಲೇ ಹೋಯಿತು. ಕೊನೆಗೆ ಉಳಿದದ್ದು ಇಷ್ಟು: ಇಡೀ ದಿನ ನನ್ನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ಮೂರನೇ ವಾರ ಹೆಂಡತಿಯ ಮಾತು ಬಂತು. ಆಸ್ಪತ್ರೆಯ ಕೊನೆಯ ನಾಲ್ಕು ದಿನದ ಬಗ್ಗೆ ಹೇಳಿ ನಿಲ್ಲಿಸಿದೆ. ಆ ಕಡೆಯಿಂದ ಸದ್ದಿಲ್ಲ. ಮೇಡಂ ಮುಖ ಅಲ್ಲಾಡುತ್ತಿಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡು “ಹಲೋ? ಹಲೋ? ಕೇಳ್ತಿದೆಯಾ ಮೇಡಂ?” ಅಂತ ಕೂಗಿದೆ.

“ಇಲ್ಲೇ ಅದೀನ್ರಿ ಸರ್” ಅಂದರು, ಮೆತ್ತಗೆ.

ಎದುರಾಎದುರು ಕೂತಿದ್ದರೆ ಆ ಮೌನ ನನಗೆ ಅರ್ಥವಾಗುತ್ತಿತ್ತೋ ಏನೋ. ಆನ್‌ಲೈನಿನಲ್ಲಿ ಮೌನಕ್ಕೂ ಸಿಗ್ನಲ್ ಹೋಗಿದ್ದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಎದುರಾಎದುರು ಕೂತಿದ್ದರೆ ನಾನು ಆ ನಾಲ್ಕು ದಿನದ ಮಾತು ತೆಗೆಯುತ್ತಲೇ ಇರಲಿಲ್ಲ, ಅದೂ ನಿಜ. ಕಾರಿನಲ್ಲಿ ಕೂತು ಮುಂದಿನ ಸೀಟಿನ ಬೆನ್ನಿಗೆ ಹೇಳಿಕೊಳ್ಳೋದು ಸುಲಭ.

ಐದನೇ ವಾರ ಒಂದು ಲೆಕ್ಕ ಒಪ್ಪಿಸಿದರು. “ಸರ್, ಇವತ್ತ ನೀವು ಹನ್ನೊಂದ ಸಲ ‘ಪರವಾಗಿಲ್ಲ’ ಅಂದೀರಿ.” ಮಗ ಹೊರಗೆ ಹೋಗೋಣ ಅಂದರೆ ಪರವಾಗಿಲ್ಲ, ನೀವು ಹೋಗಿ. ಸೊಸೆ ಇನ್ನೊಂದು ದೋಸೆ ಅಂದರೆ ಪರವಾಗಿಲ್ಲ. ಕೆಳಗೆ ಪಾರ್ಕಿನಲ್ಲಿ ಯಾರೋ ಸರಿದು ಜಾಗ ಮಾಡಿಕೊಟ್ಟರೆ ಪರವಾಗಿಲ್ಲ, ನಿಂತಿರ್ತೀನಿ. ಇದನ್ನು ನಾನು ಸಂಕೋಚ, ಮರ್ಯಾದೆ ಅಂದುಕೊಂಡಿದ್ದೆ. ಬಾಗಿಲಿನ ಚಿಲಕ ಅಂತ ಗೊತ್ತಿರಲಿಲ್ಲ.

ಮೇಡಂ ಹೇಳಿದ್ದು ಸ್ವಲ್ಪ ನನ್ನ ಮಾತಿನಲ್ಲಿ ಹೇಳುತ್ತೇನೆ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಜಾನ್ ಕಾಸಿಯೊಪ್ಪೊ ಅನ್ನುವವರು ಒಂಟಿತನವನ್ನೇ ವರ್ಷಗಟ್ಟಲೆ ಓದಿದವರು. ಹಸಿವು, ಬಾಯಾರಿಕೆ ಇದ್ದ ಹಾಗೆ ಒಂಟಿತನವೂ ಒಂದು ಸೂಚನೆ, ಜನ ಬೇಕು ಅಂತ ದೇಹ ಹೇಳುವ ರೀತಿ ಅಂತ ಅವರ ವಾದ. ಮಜಾ ಏನೆಂದರೆ, ಹಸಿದವನು ಅನ್ನದ ಕಡೆ ಹೋಗುತ್ತಾನೆ, ಒಂಟಿಯಾದವನು ಜನರಿಂದ ಹಿಂದೆ ಸರಿಯುತ್ತಾನೆ. ಎಲ್ಲರ ಮುಖದಲ್ಲೂ ‘ಇವನ್ಯಾಕೆ ಬಂದ’ ಅನ್ನುವುದನ್ನೇ ಹುಡುಕುತ್ತಾನೆ. 2011ರಲ್ಲಿ ಅವರೂ ಅವರ ಜೊತೆಯವರೂ ಅಲ್ಲಿಯವರೆಗಿನ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಸುಮ್ನೆ ಜನರ ಜೊತೆ ಸೇರಿಸುವುದಕ್ಕಿಂತ, ಜನರ ಬಗ್ಗೆ ಯೋಚಿಸುವ ರೀತಿಯನ್ನು ತಿದ್ದುವುದರಿಂದಲೇ ಜಾಸ್ತಿ ಉಪಯೋಗ ಅಂತ ಕಂಡಿತಂತೆ. ಮಗ ಹೇಳುತ್ತಿದ್ದ ‘ಸೀನಿಯರ್ಸ್ ಕ್ಲಬ್ಬಿಗೆ ಸೇರಿ ಅಪ್ಪ’ ಯಾಕೆ ನನಗೆ ಹತ್ತಲಿಲ್ಲ ಅಂತ ಆಗ ಗೊತ್ತಾಯಿತು. ಸೇರಿದ್ದೆ. ಎರಡು ದಿನ ಹೋಗಿ ಮೂಲೆಯಲ್ಲಿ ಪೇಪರ್ ಓದಿ ಬಂದಿದ್ದೆ.

ಮಗ ಇನ್ನೊಂದನ್ನೂ ಕಳಿಸಿದ್ದ. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ ಆಗಿದ್ದ ವಿವೇಕ್ ಮೂರ್ತಿ 2023ರ ಮೇನಲ್ಲಿ ಹೊರಡಿಸಿದ ಎಚ್ಚರಿಕೆ. ಅವರ ಮನೆತನ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಜನರ ಒಡನಾಟ ಇಲ್ಲದಿರುವುದು ದಿನಕ್ಕೆ 15 ಸಿಗರೇಟು ಸೇದಿದಷ್ಟು ಕೆಡುಕು ಮಾಡಬಹುದು ಅಂತ ಅದರಲ್ಲಿತ್ತು. ಜನ್ಮದಲ್ಲಿ ಬೀಡಿ ಮುಟ್ಟದವನು ನಾನು. ಲುಕ್ಸಾನು ನೋಡಿ!

ಈಗ ಆ ಬುಧವಾರದ ವಿಷಯ. ಆರನೇ ವಾರ. ಈ ವಾರ ಯಾರ ಹತ್ತಿರವಾದರೂ ಏನಾದರೂ ಒಂದು ಕೇಳಿ ಇಸಿದುಕೊಳ್ಳಬೇಕು ಅಂದರು ಮೇಡಂ. ಕೊಡೋದಲ್ಲ, ಕೇಳೋದು. ಏನು ಕೇಳೋದು? ಮನೆಯಲ್ಲಿ ಎಲ್ಲ ಇದೆ, ಇಲ್ಲದ್ದು ಹತ್ತು ನಿಮಿಷದಲ್ಲಿ ಆ್ಯಪಿನಲ್ಲಿ ಬರುತ್ತದೆ. ಯೋಚಿಸಿ, ಹೆಪ್ಪು ಅಂದೆ. ಇಲ್ಲಿ ಪ್ಯಾಕೆಟ್ ಮೊಸರು. ಹಾಸನದಲ್ಲಿ ಅವಳು ರಾತ್ರಿ ಹೆಪ್ಪು ಹಾಕದೆ ಮಲಗಿದವಳಲ್ಲ. ಯಾವತ್ತಾದರೂ ಮೊಸರು ಪೂರ್ತಿ ಖಾಲಿಯಾದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತಿದ್ದವಳು ಅವಳೇ. ನಾನು ಯಾವತ್ತೂ ಹೋಗಿಲ್ಲ.

“ಛಲೋ ಆತ್ರಿ. ಹೋಗೂಕಿಂತ ಮದ್ಲ ಏನಾಗ್ತದ ಅಂತ ಬರದ ಇಡ್ರಿ. ಎಷ್ಟ ಖಾತ್ರಿ ಅದ, ನೂರಕ್ಕ ಎಷ್ಟ ಅಂತ ಅದನ್ನೂ ಬರೀರಿ.”

ಹಳೆಯ ಡೈರಿಯಲ್ಲಿ ಬರೆದೆ. ಎದುರು ಮನೆಯವರು ಬಾಗಿಲು ತೆಗೆಯುವುದಿಲ್ಲ. ತೆಗೆದರೂ ಮುಖ ಗಂಟು ಹಾಕಿಕೊಳ್ಳುತ್ತಾರೆ. ಸಂಜೆ ಮಗನಿಗೆ ಹೇಳುತ್ತಾರೆ, ನಿಮ್ಮಪ್ಪನಿಗೆ ಮನೆಯಲ್ಲಿ ಮೊಸರು ಹಾಕೋದಿಲ್ವಾ ಅಂತ. ಖಾತ್ರಿ: 80.

ಕರೆ ಮುಗಿಸಿ ಕಾರಿನಿಂದ ಇಳಿದೆ. ವಾಚ್‌ಮನ್ ಅಲ್ಲೇ ಕುರ್ಚಿ ಹಾಕಿಕೊಂಡಿದ್ದ. ವರ್ಷದಿಂದ ದಿನಾ ನೋಡುವ ಮುಖ, ನಾನು ತಲೆ ಆಡಿಸುತ್ತೇನೆ, ಅವನು ಸಲಾಂ ಹೊಡೆಯುತ್ತಾನೆ, ಮುಗಿಯಿತು. ಆವತ್ತು ಎದ್ದು ಬಂದು, “ಸಾಹೇಬ್ರ, ಗ್ಲಾಸ್ ಏರಿಸ್ಕೊಂಡ ಕೂಡಬ್ಯಾಡ್ರಿ, ಜಳ ಭಾಳ ಐತಿ” ಅಂದ.

ಇಂಡಿ ತಾಲ್ಲೂಕಿನವನಂತೆ, ವಿಜಯಪುರ ಜಿಲ್ಲೆ. ಕಾರಿನಿಂದ ಕನ್ನಡ ಕೇಳುತ್ತಿತ್ತು, ಆದರೆ ದೊಡ್ಡವರು ಫೋನಿನಲ್ಲಿ ಮಾತಾಡುವಾಗ ನಡುವೆ ಬರಬಾರದು ಅಂತ ಸುಮ್ಮನಿದ್ದನಂತೆ. ಎಷ್ಟು ಕೇಳಿಸಿಕೊಂಡಿದ್ದನೋ! ಮುಖ ಬೆಚ್ಚಗಾಯಿತು ನನಗೆ. ಮಾತು ಮರೆಸೋಕೆ, ಮರಾಠಿಯಲ್ಲಿ ಹೆಪ್ಪಿಗೆ ಏನಂತಾರೆ ಅಂತ ಕೇಳಿದೆ. “ವಿರಜಣ ಅಂತಾರ್ರಿ” ಅಂದ. ಯಾಕೆ ಅಂತ ಕೇಳಲಿಲ್ಲ, ಪುಣ್ಯಾತ್ಮ.

ಸಂಜೆ ಐದಕ್ಕೆ ಎದುರು ಮನೆಯ ಬೆಲ್ ಒತ್ತಿದೆ. ಸಕಲೇಶಪುರದಲ್ಲಿ ಆಡಿಟಿನವರ ಎದುರು ನಿಂತಾಗಲೂ ಎದೆ ಹೀಗೆ ಬಡಿದುಕೊಂಡಿರಲಿಲ್ಲ. ಎಪ್ಪತ್ತರ ಮೇಲಿನ ಒಬ್ಬ ಹೆಂಗಸು ಬಾಗಿಲು ತೆಗೆದರು. ಎಲ್ಲರೂ ಅವರನ್ನು ಕಾಕು ಅಂತಾರೆ, ನಾನು ಮಾತ್ರ ಇದುವರೆಗೆ ಏನೂ ಅಂದಿರಲಿಲ್ಲ. ಲಿಫ್ಟಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ: “ಕಾಕು, ಥೋಡಂ ವಿರಜಣ ಮಿಳೇಲ್ ಕಾ?”

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಟಿವಿ ಸೀರಿಯಲ್ಲಿನ ಅಳು ಕೇಳುತ್ತಿತ್ತು. ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ಎರಡು ಚಮಚ ಮೊಸರು ಹಾಕಿ, ಮೇಲೆ ತಟ್ಟೆ ಮುಚ್ಚಿ ಕೊಟ್ಟರು. ಏನೋ ಕೇಳಿದರು, ನನಗೆ ತಿಳಿಯಲಿಲ್ಲ, ‘ಹೋ ಹೋ’ ಅಂದೆ, ಹೌದು ಹೌದು ಅಂತ. ಒಟ್ಟು ಎರಡು ನಿಮಿಷ ಆಗಿರಬಹುದು. ಡೈರಿಯಲ್ಲಿ 80 ಹೊಡೆದು 10 ಅಂತ ಬರೆದೆ. ಮಗನಿಗೆ ಹೇಳುತ್ತಾರೆ ಅನ್ನುವುದು ಇನ್ನೂ ಬಾಕಿ ಇತ್ತಲ್ಲ, ಅದಕ್ಕೆ ಹತ್ತು.

ರಾತ್ರಿ ಹಾಲು ಕಾಯಿಸಿ ಹೆಪ್ಪು ಹಾಕಿ ಮುಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಹಾಲು ಒಡೆದು ಹೋಗಿತ್ತು. ಮೇಲೆ ನೀರು, ಕೆಳಗೆ ಗಂಟು. ಬಿಸಿ ಆರುವ ಮೊದಲೇ ಹಾಕಿಬಿಟ್ಟಿದ್ದೆ. ಉಗುರು ಬೆಚ್ಚಗೆ ಅಂತ ನಲವತ್ತು ವರ್ಷ ಕೇಳಿದ್ದೇನೆ, ನೋಡಿರಲಿಲ್ಲ.

ಗುರುವಾರ ಸಂಜೆಯವರೆಗೂ ಆ ಬಟ್ಟಲು ಅಡುಗೆಮನೆ ಕಟ್ಟೆ ಮೇಲಿತ್ತು. ಮೇಡಂ ಹೇಳಿದ ಕೆಲಸ ಮುಗಿದಿತ್ತು. ಮತ್ತೆ ಹೋಗು ಅಂತ ಯಾರೂ ಹೇಳಿರಲಿಲ್ಲ. ಬಟ್ಟಲನ್ನು ಸುಮ್ನೆ ಬಾಗಿಲ ಹತ್ತಿರ ಇಟ್ಟು ಬರಬಹುದಿತ್ತು. ಆದರೆ ಖಾಲಿ ಬಟ್ಟಲು ವಾಪಸ್ ಕೊಡಬಾರದು ಅನ್ನುವುದು ನನಗೂ ಗೊತ್ತು. ಹಾಸನದಿಂದ ತಂದಿದ್ದ ಚಟ್ನಿಪುಡಿ ತುಂಬಿಸಿದೆ. ಹಾಲು ಒಲೆ ಮೇಲಿಟ್ಟು, ಉಕ್ಕಿದ ಮೇಲೆ ಒಲೆ ಆರಿಸಿ, ಬೆಲ್ ಒತ್ತಿದೆ.

ಈ ಸಲ ಬಾಯಿಪಾಠದ ಮರಾಠಿ ಮುಗಿದಿತ್ತು. ಬಟ್ಟಲು ಕೊಟ್ಟೆ. ಕೈಯಲ್ಲೇ ಹಾಲು ಒಡೆದದ್ದನ್ನು ತೋರಿಸಿದೆ. ಕಾಕು ಜೋರಾಗಿ ನಕ್ಕರು. ಚಟ್ನಿಪುಡಿ ಮೂಸಿ ನೋಡಿದರು. ಆಮೇಲೆ ಮೊಸರಿನ ಪಾತ್ರೆಯನ್ನೇ ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ನನಗಿಂತ ಮುಂದೆ ನಮ್ಮ ಅಡುಗೆಮನೆಗೆ ನಡೆದರು. ಸೊಸೆ ಹೆಡ್‌ಫೋನ್ ಕತ್ತಿಗೆ ಇಳಿಸಿಕೊಂಡು ರೂಮಿನ ಬಾಗಿಲಿಗೆ ಬಂದು, “ಏನಾಯ್ತು ಮಾವ?” ಅಂದಳು. ಪರವಾ... ಅಂತ ಬಾಯಿಗೆ ಬಂದಿತ್ತು. “ಹೆಪ್ಪು ಹಾಕ್ತಾ ಇದೀವಿ” ಅಂದೆ.

ಕಾಕು ಕಿರುಬೆರಳನ್ನು ಹಾಲಿಗೆ ಅದ್ದಿ ತಟಕ್ಕನೆ ತೆಗೆದರು. “ಅಜೂನ್ ಗರಮ್ ಆಹೇ” ಅಂದರು. ಇನ್ನೂ ಬಿಸಿ ಇದೆ ಅಂತ. ಕುರ್ಚಿ ಎಳೆದುಕೊಂಡು ಕೂತರು. ನಾನೂ ಎದುರಿಗೆ ಕೂತೆ. ಅವರಿಗೆ ಕನ್ನಡ ಬಾರದು, ನನಗೆ ಮರಾಠಿ ಅಷ್ಟಕ್ಕಷ್ಟೆ. ಹಾಲು ಆರಬೇಕಿತ್ತು.