ಬೇಸಿಗೆಯ ಕೊನೆಗೆ ಮೇಲೇಳುವ ಮಡೆನೂರು ಡ್ಯಾಂ: ಹೋಗುವವರಿಗೆ ನಾಲ್ಕು ಮಾತು

ಸಾಗರದ ಕಡೆ, ಶರಾವತಿಯ ಲಿಂಗನಮಕ್ಕಿ ಜಲಾಶಯದೊಳಗೆ ಮುಳುಗಿರುವ ಹಳೇ ಅಣೆಕಟ್ಟು ಮಡೆನೂರು ಡ್ಯಾಂ. ಅದನ್ನು ನೋಡಬೇಕೆಂದರೆ ಮಳೆ ಕೈಕೊಟ್ಟ ವರ್ಷಕ್ಕೇ ಕಾಯಬೇಕು. ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1,819 ಅಡಿ. ನೀರು ಇಳಿಯುತ್ತ ಇಳಿಯುತ್ತ ಮೇ ಕೊನೆ, ಜೂನ್ ಮೊದಲ ವಾರದ ಹೊತ್ತಿಗೆ ಹಳೇ ಹೊಳೆಯ ಪಾತ್ರವೇ ಕಾಣುವಷ್ಟಾದರೆ ಮಾತ್ರ ಈ ಕಟ್ಟೆ ಮೈತೆರೆದು ನಿಲ್ಲುತ್ತದೆ. ಕಡತಗಳಲ್ಲಿ ಇದರ ಹೆಸರು ಹಿರೇಭಾಸ್ಕರ ಅಣೆಕಟ್ಟು. ಸಾಗರದ ಕಡೆಯವರಿಗೆ ಮಾತ್ರ ಇದು ಮಡೆನೂರು ಡ್ಯಾಂ. ಹಾಗಾಗಿ ತಾರೀಕು ಗೊತ್ತುಮಾಡಿಕೊಂಡು ಹೊರಡಬೇಡಿ. ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟ ನೋಡುತ್ತಿರಿ, ಸಾಗರದಲ್ಲಿ ಪರಿಚಯದವರಿದ್ದರೆ ಫೋನ್ ಮಾಡಿ ಕೇಳಿ, ಆಮೇಲೆ ಹೊರಡಿ.

ನಾವು ಶಿವಮೊಗ್ಗದಿಂದ ತಾಳಗುಪ್ಪದ ರೈಲು ಹಿಡಿದು ಸಾಗರದಲ್ಲಿ ಇಳಿದೆವು. ಕಾರಿಗಿಂತ ರೈಲೇ ಒಳ್ಳೆಯದು ಅನ್ನುವವನು ನಾನು. ಕುಂಸಿ, ಅರಸಾಳು, ಆನಂದಪುರ ಅಂತ ಕಾಡಿನ ನಡುವೆ ಸಾಗುವ ಈ ದಾರಿ ತಾಳಗುಪ್ಪ ಮುಟ್ಟಿದ್ದು 1940ರಲ್ಲಿ, ಮೇಲೆ ಹಿರೇಭಾಸ್ಕರದ ಕೆಲಸ ನಡೆಯುತ್ತಿದ್ದ ಕಾಲದಲ್ಲೇ. ಮೀಟರ್ ಗೇಜ್ ಇದ್ದಾಗ ಇಲ್ಲಿ ರೈಲ್ ಬಸ್ ಓಡುತ್ತಿತ್ತು. ಬ್ರಾಡ್ ಗೇಜ್ ತಾಳಗುಪ್ಪದವರೆಗೆ ಬಂದದ್ದು 2011ರಲ್ಲಿ.

ಸಾಗರದಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಬೇಗ ಜೀಪಿನಲ್ಲಿ ಹೊಳೆಬಾಗಿಲು ರಸ್ತೆ ಹಿಡಿಯಿರಿ. ಆವಿನಹಳ್ಳಿ ದಾಟಿದ ಮೇಲೆ ಊರಿನವರನ್ನು ಕೇಳಿಕೊಂಡೇ ಮುಂದೆ ಹೋಗಬೇಕು, ಯಾಕೆಂದರೆ ಹಿನ್ನೀರಿನ ದಾರಿ ನೀರಿನ ಮಟ್ಟದ ಜೊತೆಗೆ ವರ್ಷವರ್ಷವೂ ಬದಲಾಗುತ್ತದೆ. ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ. ಸುತ್ತಲಿನದು ಶರಾವತಿ ಕಣಿವೆಯ ಅಭಯಾರಣ್ಯ. ಜನ ಹೆಚ್ಚಾದರೆ ಪ್ರವೇಶ ನಿಲ್ಲಿಸುವುದೂ ಉಂಟು. ಒಬ್ಬೊಬ್ಬರಿಗೆ ಮೂರು ಲೀಟರ್ ನೀರಾದರೂ ಬೇಕು. ನೆರಳು ಅನ್ನುವುದು ಅಲ್ಲಿಲ್ಲ, ಅಂಗಡಿಯಂತೂ ಇಲ್ಲವೇ ಇಲ್ಲ. ನಾವು ಮೊಸರನ್ನ, ಉಪ್ಪಿನಕಾಯಿ, ಬಾಟಲಿಯಲ್ಲಿ ಮುರುಗಲು ಪಾನಕ ಒಯ್ದಿದ್ದೆವು.

ಹಿನ್ನೀರಿನ ನೆಲದಲ್ಲಿ ನಡೆಯುವಾಗ ಎಚ್ಚರ ಬೇಕು. ಮೇಲೆ ಬಿಸಿಲಿಗೆ ಒಣಗಿ ಬಿರಿದ ಹೆಂಟೆ, ಕೆಳಗೆ ಇನ್ನೂ ಹಸಿ ಕೆಸರು. ನೀರಿನ ಅಂಚಿಗೆ ಹತ್ತಿರವಾಗಲೆಂದು ನಾನು ಅಡ್ಡ ಹಾದಿ ಹಿಡಿದೆ. ನಾಲ್ಕು ಹೆಜ್ಜೆಗೆ ಬಲಗಾಲು ಮೊಣಕಾಲಿನವರೆಗೆ ಹುಗಿದುಹೋಯಿತು. ಜೊತೆಯವರು ಟವೆಲ್ ಎಸೆದು ಎಳೆದುಕೊಂಡರು, ಚಪ್ಪಲಿ ಅಲ್ಲೇ ಉಳಿಯಿತು. ದನದ ಹೆಜ್ಜೆ ಇರುವ ಕಡೆಯಲ್ಲೇ ನಡೆಯಿರಿ. ಮಕ್ಕಳ ಕೈ ಬಿಡಬೇಡಿ, ಆ ನೀರಿಗೆ ಇಳಿಯಲೇಬೇಡಿ.

ಈ ಕಟ್ಟೆಯ ಕೆಲಸ 1939ರಲ್ಲಿ ಶುರುವಾಯಿತು. ಜೋಗದ ವಿದ್ಯುದಾಗಾರ ಚಾಲೂ ಆದದ್ದು 1948ರ ಫೆಬ್ರವರಿಯಲ್ಲಿ. ಈಗ ಅದಕ್ಕೆ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಎಂಬ ಹೆಸರು. ಬೇಸಿಗೆಯಲ್ಲಿ ಶರಾವತಿ ಸೊರಗುವುದರಿಂದ ವರ್ಷವಿಡೀ ಅದಕ್ಕೆ ನೀರುಣಿಸಲು ಈ ಕಟ್ಟೆ ಬೇಕಾಯಿತು. ಆಮೇಲೆ 151 ಟಿಎಂಸಿ (ಶತಕೋಟಿ ಘನ ಅಡಿ) ನೀರು ಹಿಡಿಯುವ ಲಿಂಗನಮಕ್ಕಿ ಬಂತು, 1964ರಲ್ಲಿ. ಅದರ ನೀರು ಹಿಂದಕ್ಕೆ ಹರಡಿ ಹಳೇ ಕಟ್ಟೆಯನ್ನೇ ಮುಳುಗಿಸಿತು. ಅಷ್ಟು ದುಡಿದು ಕಟ್ಟಿದ್ದು ಕೆಲಸ ಮಾಡಿದ್ದು ಹದಿನಾರೇ ವರ್ಷ!

ಅಲ್ಲಿ ನೀವು ಬಿಡದೆ ನೋಡಬೇಕಾದದ್ದು ಸೈಫನ್‌ಗಳನ್ನು, ಅಂದರೆ ಹೆಚ್ಚಾದ ನೀರನ್ನು ತಾವೇ ಎಳೆದು ಹೊರಬಿಡುವ ಕೊಳವೆಗಳನ್ನು. ಎಂಜಿನಿಯರ್ ಗಣೇಶ್ ಅಯ್ಯರ್ ಅವರ ಕಲ್ಪನೆ ಅವು. ಈ ಕಟ್ಟೆಯಲ್ಲಿ ನೀರು ಹೆಚ್ಚಾದಾಗ ಯಾರೂ ಗೇಟು ಎತ್ತಬೇಕಾಗಿರಲಿಲ್ಲ. ಮನೆಯಲ್ಲಿ ಎಣ್ಣೆ ಹುಯ್ಯುವ ಆಳಿಕೆಯನ್ನು ನೆನೆಸಿಕೊಳ್ಳಿ, ಅದನ್ನೇ ಬಾವಿಯಷ್ಟು ದೊಡ್ಡದು ಮಾಡಿ, ಮೇಲೊಂದು ಗುಮ್ಮಟ ಕವುಚಿ. ಆಳಿಕೆಯ ಒಳಮೈಗೆ ಸುರುಳಿಯಾಗಿ ಬಾಗಿದ ಏಣುಗಳಿವೆ. ನೀರು ಪೂರ್ಣ ಮಟ್ಟ ಮೀರಿ ಬಾಯಿಯ ಅಂಚು ದಾಟಿದ ಕೂಡಲೇ ಆ ಏಣುಗಳು ಅದನ್ನು ಗರಗರ ತಿರುಗಿಸುತ್ತವೆ. ಸುಳಿಯ ಜೊತೆಗೆ ಗುಮ್ಮಟದೊಳಗಿನ ಗಾಳಿಯೂ ಕೆಳಗೆ ಹೋಗುತ್ತದೆ. ಗಾಳಿ ಖಾಲಿಯಾದರೆ ಸೈಫನ್ ಎಳೆಯಲು ಶುರು, ಕೊಳವೆ ತುಂಬಿ ನೀರು ಧುಮುಕುತ್ತದೆ. ಮಟ್ಟ ಇಳಿದಾಗ ಗಾಳಿ ಒಳಹೊಕ್ಕು ತಾನೇ ನಿಲ್ಲುತ್ತದೆ. ನಾನು ಒಂದು ಬಾಯಿಯ ಪಕ್ಕ ಮಂಡಿಯೂರಿ ಏಣಿನ ಮೇಲೆ ಕೈಯಾಡಿಸಿದೆ. ಆರು ದಶಕ ನೀರೊಳಗಿದ್ದರೂ ಅಂಚು ಬೆರಳಿಗೆ ಸಿಗುವಷ್ಟು ಚೊಕ್ಕವಾಗಿದೆ. ಹೂಳು ಮಾತ್ರ ಸಂದಿಯಲ್ಲಿ ಗಟ್ಟಿ ಹಿಡಿದಿತ್ತು. ದೂರದಿಂದ ಸೆಲ್ಫಿ ತೆಗೆದು ಹಿಂದಿರುಗುವವರು ಬಹಳ ಮಂದಿ, ನೀವು ಹಾಗೆ ಮಾಡಬೇಡಿ. ಆದರೆ ಗುಮ್ಮಟ ಹತ್ತುವುದು, ಕಲ್ಲಿನ ಮೇಲೆ ಹೆಸರು ಕೆತ್ತುವುದು ದಯವಿಟ್ಟು ಬೇಡ.

ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆಯೇ. ಜೊತೆಗೆ ಬಂದಿದ್ದ ನನ್ನ ಹೆಂಡತಿಯ ಸೋದರಮಾವ ಮುಳುಗಡೆಯ ಮನೆಯವರು. ಲಿಂಗನಮಕ್ಕಿ ನೀರು ನಿಂತಾಗ ಅವರಿಗೆ ಒಂಬತ್ತೋ ಹತ್ತೋ ವರ್ಷ. ಕಟ್ಟೆಯನ್ನು ಅವರು ಹೆಚ್ಚು ನೋಡಲೇ ಇಲ್ಲ. ಒಣಗಿದ ನೆಲದಲ್ಲಿ ಒಂದು ಗೆರೆಯಂತೆ ಉಳಿದ ಬದು ಹಿಡಿದು ನಡೆಯುತ್ತ ಹೋದರು. "ಇದು ಗದ್ದೆ ಬದು ಹೌದು ಮಾರಾಯ, ಯಾರದ್ದು ಅಂತ ಮಾತ್ರ ನೆನಪಾಗ್ತಿಲ್ಲ" ಅಂದರು. ಮರದ ಬೊಡ್ಡೆಗಳನ್ನು ಒಂದೊಂದಾಗಿ ಮುಟ್ಟಿದರು. ನಾವು ಯಾರೂ ಅವಸರ ಮಾಡಲಿಲ್ಲ. ಹೀಗೆ ಬಂದು ನಿಲ್ಲುವವರು ಅಲ್ಲಿ ಸಿಕ್ಕೇ ಸಿಗುತ್ತಾರೆ. ರಾಜ್ಯಕ್ಕೆ ಬೆಳಕು ಕೊಟ್ಟವರಲ್ಲಿ ಎಷ್ಟೋ ಕುಟುಂಬಗಳು ತಮಗೆ ಕೊಟ್ಟ ಜಾಗದ ಹಕ್ಕಿಗಾಗಿ ಇವತ್ತಿಗೂ ಅಲೆಯುತ್ತಿವೆ. ಅವರು ಮಾತಾಡಿದರೆ ಕೂತು ಕೇಳಿ. ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿಕೊಂಡು ಅಲ್ಲಿ ತಿರುಗಬೇಡಿ.

ಅದೇ ದಿನ ಜೋಗವನ್ನೂ ಸೇರಿಸಿಕೊಳ್ಳುತ್ತೇವೆ ಅನ್ನುವವರಿಗೆ: ಡ್ಯಾಂ ಕಾಣುವ ಕಾಲದಲ್ಲಿ ಜೋಗದಲ್ಲಿ ಬರೀ ಬಂಡೆ. ಅದರ ಬದಲು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋಗಿ. ಸಿಗಂದೂರು ಕಡೆಗೆ ಹೋಗಬೇಕಾದರೆ ಲಾಂಚಿಗೆ ಕಾಯುವುದು ಬೇಡ, 2025ರ ಜುಲೈಯಿಂದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಇದೆ.

ಮಧ್ಯಾಹ್ನ ಮೂರರೊಳಗೆ ಹಿನ್ನೀರಿನ ನೆಲ ಬಿಟ್ಟು ಬನ್ನಿ. ಆ ದಿನಗಳಲ್ಲಿ ಸಂಜೆ ಗುಡುಗು ಮಳೆ ನಿಶ್ಚಯ, ಒಂದು ಹದ ಮಳೆಗೆ ಹೆಂಟೆಯೆಲ್ಲ ಜಾರುಗೆಸರು. ನಾವು ಆವಿನಹಳ್ಳಿ ಮುಟ್ಟುವಷ್ಟರಲ್ಲಿ ದೊಡ್ಡ ಹನಿ ಬೀಳತೊಡಗಿತು. ಮಾವ ಜೀಪಿನ ಹಿಂದಿನ ಸೀಟಿನಲ್ಲಿ ತಿರುಗಿ ಕೂತು, ಮಳೆ ಬಂದ ದಿಕ್ಕನ್ನೇ ನೋಡುತ್ತಿದ್ದರು.